ಎಲ್‌ಎಸ್‌ಡಿ ಇರುವ ಹಿಂದಿನ ಆಕ್ಸಲ್‌ಗೆ ಯಾವ ಸಿಂಥೆಟಿಕ್ ಆಯಿಲ್?

ನಾನಿರುವುದು ಟೆಕ್ಸಸ್‌ನಲ್ಲಿ. ಸೆಕೆಂಡ್ ಹ್ಯಾಂಡ್ 2008ರ ಫೋರ್ಡ್ ಮಸ್ಟಾಂಗ್ ಜಿಟಿ ತಗೊಂಡಿದ್ದೇನೆ. ಹಿಂದೆ ಎಲ್‌ಎಸ್‌ಡಿ ಇದೆ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಗೇರ್ ಜೋಡಣೆ). ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೊರಟರೆ ಹಿಂದಿನಿಂದ ಗಡಗಡ ಅನ್ನುತ್ತದೆ. ಗೇರ್ ಆಯಿಲ್ ಬದಲಾಯಿಸೋಣ ಅಂತಿದ್ದೇನೆ. ದಪ್ಪದ ಗ್ರೇಡ್ 75ಡಬ್ಲ್ಯೂ-90 ಹಾಕಲೋ, 75ಡಬ್ಲ್ಯೂ-140 ಹಾಕಲೋ? ಮಾಡಿದವರು ಹೇಳಿ.

* * *

ನನ್ನದೂ ಅದೇ ತಲೆಮಾರಿನ ಜಿಟಿ ಸರ್, ಇದೇ ಸದ್ದು ಇತ್ತು. ನಂಬರ್ ಆಮೇಲೆ ನೋಡೋಣ, ಮೊದಲು ಆಯಿಲ್‌ಗೆ ಫ್ರಿಕ್ಷನ್ ಮಾಡಿಫೈಯರ್ (ಕ್ಲಚ್ ಪ್ಲೇಟ್ ನುಣ್ಣಗೆ ಜಾರಲು ಬೆರೆಸುವ ದ್ರವ) ಹಾಕಿದ್ದಾರಾ ಕೇಳಿ. ಇದರ ಟ್ರ್ಯಾಕ್ಷನ್-ಲಾಕ್ (ಫೋರ್ಡ್‌ನ ಎಲ್‌ಎಸ್‌ಡಿ) ಒಳಗೆ ಕ್ಲಚ್ ಪ್ಲೇಟ್‌ಗಳಿವೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ಸುತ್ತಬೇಕು, ಆಗ ಆ ಪ್ಲೇಟ್‌ಗಳು ನುಣ್ಣಗೆ ಜಾರಬೇಕು. ಜಾರದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಬರುವುದೇ ಈ ಗಡಗಡ.

ನನ್ನ ಕಾರಿಗೆ ಗ್ಯಾರೇಜಿನವರು ಒಳ್ಳೆ ಸಿಂಥೆಟಿಕ್ ಆಯಿಲನ್ನೇ ಹಾಕಿದ್ದರು, ಮಾಡಿಫೈಯರ್ ಮಾತ್ರ ಬಿಟ್ಟಿದ್ದರು. ಪ್ಲೇಟೇ ಹೋಯ್ತು ಅಂತ ಮೂರು ತಿಂಗಳು ಒದ್ದಾಡಿದೆ. ಕೊನೆಗೆ ಸ್ವಲ್ಪ ಆಯಿಲ್ ಹೊರಗೆಳೆದು, ಫೋರ್ಡ್‌ನ ಎಕ್ಸ್‌ಎಲ್-3 ಮಾಡಿಫೈಯರ್ ನಾಲ್ಕು ಔನ್ಸ್ (ಸುಮಾರು 118 ಮಿ.ಲೀ.) ಹಾಕಿದೆ. ಖಾಲಿ ಪಾರ್ಕಿಂಗ್‌ನಲ್ಲಿ ಎಂಟರ ಆಕಾರದಲ್ಲಿ ಹತ್ತಾರು ಸುತ್ತು ಹೊಡೆದೆ. ಸದ್ದು ನಿಂತೇ ಹೋಯ್ತು.

ಕೆಲವು ಸಿಂಥೆಟಿಕ್ ಆಯಿಲ್‌ನಲ್ಲಿ ಮಾಡಿಫೈಯರ್ ಮೊದಲೇ ಬೆರೆತಿರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದನ್ನು ಹಾಕಿದರೆ ಮೊದಲು ಹಾಗೇ ಓಡಿಸಿ ನೋಡಿ, ಸದ್ದು ಬಂದರಷ್ಟೇ ಸ್ವಲ್ಪ ಸ್ವಲ್ಪ ಸೇರಿಸಿ. ಸುಮ್ನೆ ಜಾಸ್ತಿ ಸುರಿದರೆ ಪ್ಲೇಟ್‌ಗಳ ಹಿಡಿತವೇ ಹೋಗುತ್ತದೆ. ಆಮೇಲೆ ಎಲ್‌ಎಸ್‌ಡಿ ಇದ್ದೂ ಏನು ಉಪಯೋಗ?

ನಂಬರ್ ವಿಷಯಕ್ಕೆ ಬಂದರೆ, ನಾನು 75ಡಬ್ಲ್ಯೂ-140 ಹಾಕಿದ್ದೇನೆ. ಬಿಸಿಯಾದಾಗಲೂ ಅದರ ಪದರ ದಪ್ಪಗಿರುತ್ತದೆ, ನಿಮ್ಮ ಟೆಕ್ಸಸ್ ಬೇಸಿಗೆಗೆ ಅದೇ ವಾಸಿ. 90 ಸ್ವಲ್ಪ ಹಗುರ, ಮೈಲೇಜಿಗೆ ಒಳ್ಳೆಯದು. ಎರಡರಲ್ಲಿ ಯಾವುದಾದರೂ ಜಿಎಲ್-5 (ಗೇರ್ ಆಯಿಲ್‌ನ ರಕ್ಷಣೆಯ ದರ್ಜೆ) ಆಗಿರಲೇಬೇಕು. ಈ ಆಕ್ಸಲ್ ಒಳಗಿನ ಹೈಪಾಯ್ಡ್ ಗೇರ್‌ನ ಹಲ್ಲುಗಳು ಉಜ್ಜಿಕೊಂಡೇ ತಿರುಗುತ್ತವೆ, ಅದಕ್ಕೆ ಜಿಎಲ್-4 ಸಾಲದು.

* * *

ಇದೇ ಕಾರಿನ ಆಯಿಲ್ ನಾನೇ ಎರಡು ಸಲ ಬದಲಾಯಿಸಿದ್ದೇನೆ. ಕೆಳಗೆ ಡ್ರೈನ್ ಬೋಲ್ಟ್ ಇಲ್ಲ, ಡಿಫರೆನ್ಷಿಯಲ್ ಕವರ್ ಬಿಚ್ಚಬೇಕು. ಅದಕ್ಕೂ ಮೊದಲು ಆಯಿಲ್ ತುಂಬುವ ಬಿರಡೆ ಬಿಚ್ಚುತ್ತದಾ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಕೂತಿದ್ದರೆ, ಎಲ್ಲಾ ಖಾಲಿ ಮಾಡಿದ ಮೇಲೆ ಕಾರು ಜಾಕ್ ಮೇಲೇ ಉಳಿಯುತ್ತದೆ. ಒಳಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಲೋಹದ ಚೂರು ಸಿಕ್ಕರೆ ಮಾತ್ರ ಮುಚ್ಚಬೇಡಿ, ಮೆಕ್ಯಾನಿಕ್‌ಗೆ ತೋರಿಸಿ.

* * *

ಒಂದು ಮಾತು ಸೇರಿಸ್ತೀನಿ. ಹಿಂದಿನ ಮಾಲೀಕರು ಡಿಫರೆನ್ಷಿಯಲ್ ಬದಲಾಯಿಸಿಲ್ಲ ಅಲ್ವಾ? ನನ್ನ ಪಿಕಪ್‌ನಲ್ಲಿ ಈಟನ್ ಟ್ರೂಟ್ರ್ಯಾಕ್ (ಇನ್ನೊಂದು ಬಗೆಯ ಎಲ್‌ಎಸ್‌ಡಿ) ಕೂರಿಸಿದ್ದರು, ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಕ್ಲಚ್ ಪ್ಲೇಟ್ ಇಲ್ಲ, ಬರೀ ಗೇರ್. ಮಾಡಿಫೈಯರ್ ಬೇಡ, ಸಿಂಥೆಟಿಕ್ಕೂ ಬೇಡ, ಮಿನರಲ್ ಆಯಿಲ್ ಹಾಕಿ ಅಂತ ಕಂಪನಿಯೇ ಹೇಳುತ್ತದೆ. ಹೇಗೂ ಕವರ್ ಬಿಚ್ಚುತ್ತೀರಲ್ಲ, ಒಳಗೆ ಏನಿದೆ ಅಂತ ಫೋಟೊ ತೆಗೆದು ಹಾಕಿ, ನೋಡಿ ಹೇಳ್ತೀವಿ.