ಕೇಬಲ್ ಎಳೆದು ನೋಡಿದ ವಿನಾಯಕ

"2024ರ ಆಗಸ್ಟ್ 7ರ ರಾತ್ರಿ ಒಂದರ ಸುಮಾರಿಗೆ ಕಾರವಾರದ ಹಳೇ ಕಾಳಿ ಸೇತುವೆ ಬಿತ್ತಲ್ಲ, ನಮ್ಮ ವಿನಾಯಕನ ಕೆಲಸ ಅದೇ ನೋಡಿ," ಎಂದು ಗಣಪಣ್ಣ ಶುರು ಹಚ್ಚಿದ.

"ಸೇತುವೆ ಬೀಳಿಸುವುದಾ?" ನಾಯ್ಕ ಮಾಸ್ತರರು ಬನ್ಸ್ ಮುರಿಯುತ್ತಾ ಕೇಳಿದರು.

"ಬಿದ್ದರೂ ಗಾಡಿ ನಿಲ್ಲದ ಹಾಗೆ ನೋಡಿಕೊಳ್ಳುವುದು ಮಾಸ್ತರೇ," ಎಂದ ವಿನಾಯಕ. ಕಾರವಾರದ ಮನೆಯಲ್ಲಿ ಕೂತು ಬೆಂಗಳೂರಿನ ಸರ್ವರ್ ಕಾಯುವ ಹುಡುಗ. ಸರ್ವರ್ ಒಂದು ಕಡೆ, ಡಿಸ್ಕುಗಳೆಲ್ಲ ಬೇರೆ ಪೆಟ್ಟಿಗೆಯಲ್ಲಿ, ನಡುವೆ ಫೈಬರ್ ಕೇಬಲ್. ಸ್ಯಾನ್ ಅಂದರೆ ಇಷ್ಟೇ. ಸರ್ವರಿಗೆ ಕೇಬಲ್ ಸಿಕ್ಕಿಸುವ ಎಚ್‌ಬಿಎ ಕಾರ್ಡ್ ಎರಡು, ನಡುವೆ ಸ್ವಿಚ್ ಎರಡು, ಪೆಟ್ಟಿಗೆಗೆ ಅದನ್ನು ನಡೆಸುವ ಕಂಟ್ರೋಲರ್ ಎರಡು. ಒಟ್ಟು ನಾಲ್ಕು ದಾರಿ.

"ಹಾಗಾಗಿ ಒಂದೇ ಡಿಸ್ಕ್ ಸರ್ವರ್ ನಡೆಸುವ ಲಿನಕ್ಸ್‌ಗೆ ನಾಲ್ಕಾಗಿ ಕಾಣುತ್ತದೆ, ನಾಲ್ಕು ಹೆಸರಲ್ಲಿ. ಎಸ್‌ಡಿಬಿಯಿಂದ ಎಸ್‌ಡಿಇವರೆಗೆ."

"ನಾಲ್ಕಕ್ಕೂ ಬಿಲ್ ಹಾಕಬಹುದು ಹಾಗಾದರೆ!" ಗಣಪಣ್ಣನದು ಶಿರಸಿಯಲ್ಲಿ ಅಡಿಕೆ ವ್ಯಾಪಾರ. ದೇವಿಮನೆ ಘಟ್ಟ ಇಳಿದು ಬಂದರೂ ಬುದ್ಧಿ ಮಂಡಿಯಲ್ಲೇ.

"ನಾಲ್ಕರ ಗುರುತಿನ ನಂಬರೂ ಒಂದೇ ಗಣಪಣ್ಣ. ಅದನ್ನು ನೋಡಿ ಮಲ್ಟಿಪಾತ್ ಅನ್ನುವ ಪ್ರೋಗ್ರಾಮ್ ಎಲ್ಲವನ್ನೂ ಸೇರಿಸಿ ಒಂದೇ ಡಿಸ್ಕ್ ಮಾಡುತ್ತದೆ. ಎಂಪಾತ್-ಎ ಅಂತ ಹೆಸರು. ಮಾಮೂಲಿಗೆ 5 ಸೆಕೆಂಡಿಗೊಮ್ಮೆ, ಎಲ್ಲ ಸರಿಯಿದ್ದರೆ ಇನ್ನೂ ನಿಧಾನಕ್ಕೆ, ದಾರಿ ಸರಿ ಇದೆಯಾ ಅಂತ ತಟ್ಟಿ ನೋಡುತ್ತದೆ. ಪಕ್ಕದ ಹೊಸ ಸೇತುವೆಯನ್ನೂ ಪರೀಕ್ಷೆ ಮಾಡಿಸಿಯೇ ಅಲ್ವಾ ಎರಡೂ ಕಡೆಯ ಗಾಡಿ ಬಿಟ್ಟಿದ್ದು?"

"ಎಲ್ಲಾ ದಾರಿಯೂ ಹೋದರೆ?" ಎಂದೆ ನಾನು.

"ಅಲ್ಲೇ ಇರುವುದು ತಲೆನೋವು. ದಾರಿ ಬರುವತನಕ ಕಾಯಿ ಅಂತ ಬರೆದಿಟ್ಟರೆ ಪ್ರೋಗ್ರಾಮ್ ಕಾಯುತ್ತಲೇ ಇರುತ್ತದೆ. ಡಿ ಸ್ಟೇಟ್ ಅನ್ನುತ್ತೇವೆ. ಬಲವಂತವಾಗಿ ಕೊಲ್ಲುವ ಕಿಲ್ ಮೈನಸ್ ನೈನ್ ಕಮಾಂಡ್ ಹೊಡೆದರೂ ಸಾಯುವುದಿಲ್ಲ."

"ನಮ್ಮ ಹಳೇ ಹೆಡ್‌ಮಾಸ್ತರರ ಹಾಗೆ," ಎಂದು ಮಾಸ್ತರರು ನಿಟ್ಟುಸಿರು ಬಿಟ್ಟರು.

"ಪಕ್ಕದಲ್ಲಿ ಇನ್ನೊಂದು ಸರ್ವರ್ ಕೆಲಸ ವಹಿಸಿಕೊಳ್ಳಲು ರೆಡಿ ಇರುತ್ತದೆ. ಇದು ಬಿಟ್ಟುಕೊಟ್ಟರಲ್ವಾ? ಅದಕ್ಕೇ ಇಂಥ ಜೋಡಿಯಲ್ಲಿ, ಅಂದರೆ ಕ್ಲಸ್ಟರಿನಲ್ಲಿ, ದಾರಿ ಇಲ್ಲದಾಗ ಎಷ್ಟು ಸಲ ನೋಡಬೇಕು ಅನ್ನುವ ನೋ ಪಾತ್ ರಿಟ್ರೈಗೆ 12 ಅಂತ ಏನಾದರೂ ಒಂದು ಲೆಕ್ಕ ಕೊಡಬೇಕು. 5 ಸೆಕೆಂಡಿನಂತೆ 12 ಸಲ, ಒಂದು ನಿಮಿಷ ಕಾದು ಕೈ ಚೆಲ್ಲಲಿ."

"ಸತ್ತಿದ್ದಾನೆ ಅಂದುಕೊಂಡವನು ಎದ್ದು ಬಂದರೆ?" ಎಂದೆ.

"ಇಬ್ಬರೂ ಒಂದೇ ಡಿಸ್ಕಿಗೆ ಬರೆದು ಡೇಟಾ ಗೊಜ್ಜಾಗುತ್ತದೆ. ಅದಕ್ಕೆ ಹೊಸಬ ಕೆಲಸ ಶುರು ಮಾಡುವ ಮೊದಲು ಹಳಬನ ಪವರ್ ಕಿತ್ತುಬಿಡುತ್ತಾನೆ. ಫೆನ್ಸಿಂಗ್."

"ಒಂದು ನೋಟೀಸೂ ಇಲ್ಲದೆ?" ಮಾಸ್ತರರಿಗೆ ನಿಜಕ್ಕೂ ಬೇಸರವಾಯಿತು.

ಗಣಪಣ್ಣ ಇನ್ನೊಂದು ಚಾ ಹೇಳಿದ. "ಇಷ್ಟೆಲ್ಲ ಮಾಡಿದ ಮೇಲೆ ನಿನಗೆ ಕೆಲಸವೇ ಇಲ್ಲ ಹಾಗಾದರೆ."

ವಿನಾಯಕ ನಕ್ಕ. "ಸೇತುವೆ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಒಂದು ದಾರಿ ಸತ್ತರೆ ಇನ್ನೊಂದು ಸುಮ್ನೆ ಓಡುತ್ತಿರುತ್ತದೆ. ಯಾರೂ ದೂರು ಕೊಡುವುದಿಲ್ಲ. ಮಲ್ಟಿಪಾತ್ ಮೈನಸ್ ಎಲ್‌ಎಲ್ ಅನ್ನುವ ಕಮಾಂಡ್ ಹೊಡೆದರೆ ಫೇಲ್ಡ್ ಅಂತ ತೋರಿಸುತ್ತದೆ, ಆದರೆ ಹೊಡೆಯುವವರು ಬೇಕಲ್ಲ. ನಾನು ಸೇರಿದ ಹೊಸತರಲ್ಲಿ ಎಲ್ಲರೂ ಹೇಳಿದ್ದು ಒಂದೇ, ಇಲ್ಲಿ ಎಲ್ಲಾ ಡಬಲ್ ಇದೆ ಅಂತ. ಒಂದು ಭಾನುವಾರ ಟೆಸ್ಟಿಗೆ ಪರ್ಮಿಷನ್ ತಗೊಂಡು, ಡೇಟಾ ಸೆಂಟರ್ ಹುಡುಗನಿಗೆ ಫೋನಿನಲ್ಲಿ ಹೇಳಿ ಸರ್ವರಿನ ಎರಡು ಕೇಬಲ್ಲಿನಲ್ಲಿ ಒಂದನ್ನು ಎಳೆಸಿದೆ."

"ಆಮೇಲೆ?"

"ಡೇಟಾಬೇಸ್ ನಿಂತಿತು. ಇನ್ನೊಂದು ದಾರಿ ಸತ್ತು ಯಾವ ಕಾಲವಾಗಿತ್ತೋ."

"ಭೇಷ್! ದೊಡ್ಡ ಗಂಡಾಂತರ ಹಿಡಿದುಕೊಟ್ಟೆಯಲ್ಲ ಮಾರಾಯ. ಮ್ಯಾನೇಜರ್ ಏನೆಂದರು?"

"ನೀನು ಎಳೆಸದಿದ್ದರೆ ನಿಲ್ಲುತ್ತಲೇ ಇರಲಿಲ್ಲ ಅಂದರು."