ಮಳೆಗಾಲದ ನೆರವಿಗೆ ಹೊಸ ತಂಡ ಕಟ್ಟುತ್ತಿದ್ದೇವೆ, ಅನುಭವ ಇರುವವರು ತಿಳಿಸಿ

ಕೇಳಿದವರು: ಮೂಡಿಗೆರೆ ತಾಲ್ಲೂಕಿನ ಒಂದು ಯುವಕ ಸಂಘ

ನಮ್ಮ ಸಂಘದಲ್ಲಿ ಇಪ್ಪತ್ತೆರಡು ಮಂದಿ ಇದ್ದೇವೆ. ಗುಡ್ಡ ಕುಸಿದರೆ, ಹೊಳೆ ಉಕ್ಕಿದರೆ ಜನರ ಜೊತೆ ನಿಲ್ಲಬೇಕೆಂದು ತೀರ್ಮಾನಿಸಿದ್ದೇವೆ. ಕೈಯಲ್ಲಿ ನಲವತ್ತು ಸಾವಿರ ರೂಪಾಯಿ ಇದೆ. ಅಕ್ಕಿ, ಕಂಬಳಿ ಕೊಂಡಿಡೋಣವೇ? ಇಂಥ ಕೆಲಸ ಮಾಡಿದ ಹಿರಿಯರು ದಾರಿ ತೋರಿಸಬೇಕು.

ಕಳಸ ಕಡೆಯಿಂದ, 2019ರಲ್ಲಿ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ದುಡಿದವರು

ತಮ್ಮಾ, ಅಕ್ಕಿಗಿಂತ ಮೊದಲು ಒಂದು ನೋಟುಪುಸ್ತಕ ಕೊಳ್ಳಿ. ಯಾಕೆಂದು ಹೇಳುತ್ತೇನೆ.

2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದಾಗ ಚಾರ್ಮಾಡಿ ಘಾಟಿ ಮುಚ್ಚಿತು, ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯಿತು. ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ, ತೋಟ ಎರಡೂ ಹೋದವು. ಕರೆಂಟಿಲ್ಲ, ಮೊಬೈಲ್ ಇಲ್ಲ. ಎರಡು ಮೂರು ದಿನ ಕಳೆದ ಮೇಲೆ ಬಯಲುಸೀಮೆಯಿಂದಲೂ ಲಾರಿಗಳು ಬಂದವು. ಜನರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದದ್ದೆಲ್ಲ ಟಾರು ರಸ್ತೆಯ ಪಕ್ಕದ, ಪರಿಹಾರ ಕೇಂದ್ರವಾಗಿದ್ದ ಶಾಲೆಯಲ್ಲೇ ಇಳಿಯಿತು. ಹಳೆಯ ಬಟ್ಟೆ ಎಷ್ಟು ಬಂತೆಂದರೆ, ಶಾಲೆಯ ಒಂದು ಕೋಣೆ ತುಂಬಿ, ಬೂಸ್ಟು ಹಿಡಿದು, ಕೊನೆಗೆ ನಾವೇ ಸುಡಬೇಕಾಯಿತು.

ಅದೇ ಹೊತ್ತಿಗೆ ಆ ಶಾಲೆಯಿಂದ ಒಂದೂವರೆ ಮೈಲಿ ಮೇಲೆ, ತೋಟದ ಲೈನ್ ಮನೆಗಳಲ್ಲಿ (ಕೂಲಿಕಾರರ ಸಾಲುಮನೆಗಳಲ್ಲಿ) ಹನ್ನೊಂದು ಕುಟುಂಬಗಳು ಎರಡು ದಿನ ಹಲಸಿನ ಬೀಜ ಬೇಯಿಸಿ ತಿಂದಿದ್ದವು. ಅವರಲ್ಲಿ ಕೆಲವರು ಅಸ್ಸಾಮಿನಿಂದ ಬಂದವರು, ಕನ್ನಡ ಬಾರದು. ಅವರಿದ್ದಾರೆಂದು ನಮಗೆ ಹೇಳಿದ್ದು ಆ ಊರಿನ ಆಶಾ ಕಾರ್ಯಕರ್ತೆ. ಆಕೆ ಹೇಳದಿದ್ದರೆ ನಮ್ಮ ತಂಡ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಇವತ್ತಿಗೂ ನೆನೆದರೆ ನನಗೆ ನಿದ್ದೆ ಬಾರದು.

ಹಾಗಾಗಿ ಮಳೆ ಹಿಡಿಯುವ ಮೊದಲೇ ಮನೆ ಮನೆ ಸುತ್ತಿ. ಹಾಸಿಗೆ ಹಿಡಿದವರು ಯಾರು, ಬಸುರಿಯರು ಯಾರು, ಇನ್ಸುಲಿನ್, ಡಯಾಲಿಸಿಸ್ ಬೇಕಾದವರು ಯಾರು, ಯಾವ ಮನೆ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಕೆಳಗಿದೆ, ಯಾರ ಬಳಿ ಜೀಪು, ಮರ ಕೊಯ್ಯುವ ಯಂತ್ರ ಇದೆ, ಶಾಲೆಯ ಬೀಗದ ಕೈ ಯಾರಲ್ಲಿದೆ, ಎಲ್ಲವನ್ನೂ ಬರೆದುಕೊಳ್ಳಿ. ಹೊರಗಿನಿಂದ ಬರುವ ದೊಡ್ಡ ಸಂಸ್ಥೆಗಳಿಗೆ ಹಣ, ವಾಹನ, ಸಾಮಾನು ಇರುತ್ತದೆ. ಈ ಪುಸ್ತಕ ಇರುವುದಿಲ್ಲ.

ಸಕಲೇಶಪುರದಿಂದ, ಕಂದಾಯ ಇಲಾಖೆಯ ನಿವೃತ್ತ ನೌಕರ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಆ ಪಟ್ಟಿಯ ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಪಂಚಾಯಿತಿ ಪಿಡಿಒ ಅವರಿಗೂ ಕೊಡಿ, ನಿಮ್ಮ ಸಂಘದವರ ಹೆಸರು, ಮೊಬೈಲ್ ಸಂಖ್ಯೆ ಸಮೇತ. ಸಂಕೋಚ ಬೇಡ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ತಳಮಟ್ಟದ ಸ್ವಯಂಸೇವಾ ಸಂಸ್ಥೆಗಳನ್ನು ಈ ಕೆಲಸದಲ್ಲಿ ತೊಡಗುವಂತೆ ಪ್ರೋತ್ಸಾಹಿಸುವುದು ಆ ಪ್ರಾಧಿಕಾರದ ಕಾರ್ಯಗಳಲ್ಲಿ ಒಂದೆಂದು 30ನೇ ಸೆಕ್ಷನ್‌ನಲ್ಲೇ ಇದೆ.

ಕುಸಿದ ಮಣ್ಣಿಗೆ ಮಾತ್ರ ನೀವಾಗಿಯೇ ಇಳಿಯಬೇಡಿ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲೆಯಲ್ಲಿ ಒಮ್ಮೆ ಜಾರಿದ ಗುಡ್ಡ ಮತ್ತೆ ಮತ್ತೆ ಜಾರಿತು. ಮೊದಲು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ, ಜನರನ್ನು ದೂರ ಸರಿಸಿ. ಸರ್ಕಾರದ ಆಪದ್ ಮಿತ್ರ ಯೋಜನೆಯಲ್ಲಿ ಸ್ವಯಂಸೇವಕರಿಗೆ ಹನ್ನೆರಡು ದಿನಗಳ ತರಬೇತಿ ಕೊಡುತ್ತಿದ್ದರು. ಇಬ್ಬರು ಮೂವರನ್ನಾದರೂ ಕಳಿಸಲು ಆಗುತ್ತದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅರಕಲಗೂಡು ತಾಲ್ಲೂಕಿನಿಂದ, ಆರೋಗ್ಯ ಕಾರ್ಯಕರ್ತೆ

ರಾಮನಾಥಪುರ, ಕೊಣನೂರಿಗೆ ಕಾವೇರಿ ನುಗ್ಗಿದಾಗ ಪರಿಹಾರ ಕೇಂದ್ರಗಳಲ್ಲಿ ಕೆಲಸ ಮಾಡಿದ್ದೇನೆ. ಊಟಕ್ಕೆ ಕೊರತೆ ಆಗಲಿಲ್ಲ. ಶೌಚಾಲಯಕ್ಕೆ ಆಯಿತು. ಕತ್ತಲಲ್ಲಿ ಹೊರಗೆ ಹೋಗಲು ಹೆದರಿ ಹೆಣ್ಣುಮಕ್ಕಳು ಸಂಜೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಸ್ವಯಂಸೇವಾ ಸಂಸ್ಥೆಗಳೇ ಸೇರಿ ರೂಪಿಸಿದ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ. ನಿಮ್ಮ ಶಾಲೆಯಲ್ಲಿ ಎಷ್ಟಿವೆ ಎಂದು ಈಗಲೇ ಎಣಿಸಿ. ನಿಮ್ಮ ಹಣದಲ್ಲಿ ಚಾರ್ಜಿಂಗ್ ದೀಪ, ಮುಟ್ಟಿನ ಪ್ಯಾಡ್, ಒಳಉಡುಪು, ಓಆರ್‌ಎಸ್ ಪೊಟ್ಟಣ ಕೊಂಡಿಡಿ. ಇವನ್ನು ಲಾರಿಯಲ್ಲಿ ತರುವವರು ಕಡಿಮೆ. ಇಪ್ಪತ್ತೆರಡು ಮಂದಿಯಲ್ಲಿ ಹೆಣ್ಣುಮಕ್ಕಳು ಎಷ್ಟು? ಇಲ್ಲದಿದ್ದರೆ ಮೊದಲು ಅವರನ್ನು ಸೇರಿಸಿಕೊಳ್ಳಿ.

ಮತ್ತೆ ಕಳಸ ಕಡೆಯವರು

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಇನ್ನೊಂದನ್ನು ಬಿಟ್ಟಿದ್ದೆ. ಒಂದು ತಿಂಗಳಾದ ಮೇಲೆ ಲಾರಿಗಳು ಬರುವುದಿಲ್ಲ, ಆಗ ಕಾಗದದ ಕೆಲಸ ಶುರುವಾಗುತ್ತದೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ಪಹಣಿ, ಹಕ್ಕುಪತ್ರ ನೀರಿಗೆ ಹೋದವರು ಏನು ತೋರಿಸಬೇಕು? ನಮ್ಮ ತಂಡದ ಇಬ್ಬರು ನಾಲ್ಕು ತಿಂಗಳು ಅರ್ಜಿ ಬರೆಯುವುದನ್ನೇ ಮಾಡಿದರು. ನಾವು ಮಾಡಿದ ಕೆಲಸಗಳಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಎಂದು ನನ್ನ ನಂಬಿಕೆ. ಪಟ್ಟಿ ಮಾಡಲು ಹೋದಾಗಲೇ ಪ್ರತಿ ಮನೆಯ ಮುಂದೆ, ಒಳಗೆ ಒಂದೊಂದು ಫೋಟೊ ತೆಗೆದಿಡಿ, ದಾಖಲೆಗಳದ್ದೂ.

ಕೇಳಿದವರು

ಎಲ್ಲರಿಗೂ ವಂದನೆಗಳು. ಭಾನುವಾರ ಆಶಾ ಕಾರ್ಯಕರ್ತೆಯವರ ಜೊತೆ ಮೇಲಿನ ಲೈನ್ ಮನೆಗಳಿಂದಲೇ ಶುರು ಮಾಡುತ್ತೇವೆ. ಪಟ್ಟಿಯನ್ನು ಮೊಬೈಲಿನಲ್ಲಿ ಬರೆದರೆ ಸಾಕೇ?

ಕಳಸ ಕಡೆಯವರು

ಸಾಲದು. ನಮಗೆ ಐದು ದಿನ ಚಾರ್ಜು ಮಾಡಲು ಕರೆಂಟೇ ಇರಲಿಲ್ಲ. ಕಾಗದದಲ್ಲಿ, ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನೀರಿಗೆ ಹರಡುತ್ತದೆ. ಎರಡು ಪ್ರತಿ ಮಾಡಿ, ಹೊಳೆಯ ಆಚೆ ಒಂದು, ಈಚೆ ಒಂದು ಇಡಿ.