ಸಸ್ಯಾಹಾರಿ ಮನೆ, ಒಂದು ಲ್ಯಾಬ್ರಡಾರ್, ಒಂದು ಬೆಕ್ಕು: ಬಟ್ಟಲಿಗೆ ಏನು ಹಾಕುತ್ತೀರಿ?

ತುಂಗಾತೀರ: ಎಲ್ಲರಿಗೂ ನಮಸ್ಕಾರ. ನಮ್ಮದು ಮೊಟ್ಟೆಯೂ ಹೊಸಿಲು ದಾಟದ ಮನೆ. ನಾಲ್ಕು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, 38 ಕೆ.ಜಿ. ಕಳೆದ ಮಳೆಗಾಲದಲ್ಲಿ ಸೌದೆಯ ಕೊಟ್ಟಿಗೆಗೆ ಬಂದು ಸೇರಿಕೊಂಡ ಬೆಕ್ಕೂ ಇದೆ. ಎರಡಕ್ಕೂ ಅಂಗಡಿಯ ಒಣ ಆಹಾರ. ಮೊನ್ನೆ ಏಳನೇ ತರಗತಿಯ ಮಗಳು ಚೀಲದ ಹಿಂಭಾಗ ಓದಿ, ‘ಅಮ್ಮಾ, ನಾವು ತಿನ್ನದ ಕೋಳಿಯನ್ನು ಇವಳಿಗಾಗಿ ವರ್ಷಕ್ಕೆ ಎಷ್ಟು ಕೊಲ್ಲಿಸುತ್ತೇವೆ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಇವುಗಳ ಆರೋಗ್ಯ ಕೆಡಬಾರದು, ಬೇರೆ ಜೀವಗಳಿಗೂ ಪರಿಸರಕ್ಕೂ ಹಾನಿ ಕಡಿಮೆಯಾಗಬೇಕು, ತಿಂಗಳಿಗೆ ಐದು ಸಾವಿರ ದಾಟಬಾರದು. ನೀವು ಏನು ಮಾಡಿದ್ದೀರಿ?

ಅಟ್ಟದ ಬೆಕ್ಕು: ನಾಯಿಯ ವಿಷಯ ನನಗೆ ಗೊತ್ತಿಲ್ಲ. ಬೆಕ್ಕನ್ನು ಮಾತ್ರ ನಿಮ್ಮ ಮಡಿಗೆ ಬಲಿ ಕೊಡಬೇಡಿ. ನಾನು ಕೊಟ್ಟಿದ್ದೇನೆ. 2019ರಲ್ಲಿ ಹಾಲು-ಅನ್ನ, ಮೊಸರನ್ನ, ಪನೀರು ಎಂದು ಹದಿನಾಲ್ಕು ತಿಂಗಳು ಸಾಕಿದೆ. ಮೈ ತುಂಬಿಕೊಂಡೇ ಇತ್ತು, ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಒಂದು ರಾತ್ರಿ ಅಟ್ಟದಿಂದ ಇಳಿಯುವಾಗ ಮುಂಗಾಲಿನಿಂದ ಮೆಟ್ಟಿಲನ್ನು ತಡಕಾಡಿದಳು, ಕತ್ತಲಲ್ಲಿ ಚಪ್ಪಲಿ ಹುಡುಕುವ ಮುದುಕಿಯ ಹಾಗೆ. ಮೊದಲ ವೈದ್ಯರು ಜಂತುಹುಳುವಿನ ಮಾತ್ರೆ ಕೊಟ್ಟರು: 350 ರೂಪಾಯಿ. ಎರಡನೆಯವರದು ರಕ್ತಪರೀಕ್ಷೆ: 2,200. ಮೂರನೆಯ ಕಡೆ ಹೃದಯದ ಸ್ಕ್ಯಾನ್: 3,800. ಆಟೊಗೆ 640, ಬುಟ್ಟಿಯಲ್ಲಿ ಬೆಕ್ಕಿದೆ ಎಂದು ಮೀಟರಿನ ಮೇಲೆ ಒಂದೂವರೆ ಪಟ್ಟು. ಕಡೆಗೆ ತಿಳಿದದ್ದು ಮಾಂಸ-ಮೀನಿನಲ್ಲಿರುವ ಟಾರಿನ್ ಎಂಬ ಪೋಷಕಾಂಶದ ಕೊರತೆ. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ. ಹೃದಯವೂ ಹಿಗ್ಗುತ್ತದೆ ಎಂದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 1987ರಲ್ಲೇ ಕಂಡುಕೊಂಡಿದ್ದರಂತೆ. ಹೃದಯ ಸುಧಾರಿಸಿತು, ಕಣ್ಣು ಮರಳಲಿಲ್ಲ. ಈಗ ಹಿತ್ತಲ ಒಲೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾನೇ ಮೀನು ಬೇಯಿಸುತ್ತೇನೆ. ಅತ್ತೆಯವರು ಆ ಕಡೆ ಸುಳಿಯುವುದಿಲ್ಲ.

ಮಲ್ಪೆಯವ: ಮೀನು ಎಂದರೆ ಪೇಟೆಯವರಿಗೆ ಪಾಪವಿಲ್ಲದ ಪದಾರ್ಥ. ಮಾರಾಯರೇ, ಚೀಲದ ಮೇಲೆ ‘ಸಮುದ್ರದ ಮೀನು’ ಎಂದು ಬರೆದಿದ್ದರೆ ಒಳಗಿರುವುದು ಹೆಚ್ಚಾಗಿ ಮೀನಿನ ಹಿಟ್ಟು. ನಮ್ಮ ಕರಾವಳಿಯಲ್ಲಿ ಆ ಹಿಟ್ಟಿನ ಕಾರ್ಖಾನೆಗಳಿವೆ. ಉಳ್ಳಾಲದ ಕಡೆ ಗಾಳಿ ತಿರುಗಿದರೆ ಮೂಗೇ ಹೇಳುತ್ತದೆ. ಸಿಗಡಿ ಸಾಕಣೆಗೆ, ಕೋಳಿಗೆ, ನಿಮ್ಮ ಬೆಕ್ಕಿಗೆ ಎಲ್ಲದಕ್ಕೂ ಅದೇ ಹಿಟ್ಟು. ಬೆರಳುದ್ದದ ಬೂತಾಯಿ ಮೀನಿನ ಮರಿ ಬುಟ್ಟಿಯ ಲೆಕ್ಕ ಬಿಟ್ಟು ಲಾರಿಯ ಲೆಕ್ಕದಲ್ಲಿ ಹೋಗುವುದನ್ನು ನಾನು ದಕ್ಕೆಯಲ್ಲಿ ನಿಂತು ನೋಡಿದ್ದೇನೆ. ಮೊಟ್ಟೆಯಿಡುವ ಮೊದಲೇ ಹಿಟ್ಟಾದರೆ ಮರುವರ್ಷ ಬಲೆಗೆ ಏನು ಬೀಳಬೇಕು? ನಮಗೆ ಬಿದ್ದದ್ದು ಸಾಲ. ದೋಣಿಯಲ್ಲಿದ್ದ ನಾಲ್ಕಾಣೆ ಪಾಲನ್ನು 2021ರಲ್ಲಿ ಮಾರಿದೆ. ನಮ್ಮ ಮನೆಯ ಬೆಕ್ಕಿಗೆ ಬಂಗುಡೆಯ ತಲೆ, ಕರುಳು ಮಾತ್ರ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಆಗ ಒಣಮೀನು, ಉಪ್ಪು ಬಿಡಿಸಲು ಮೂರು ಸಲ ನೀರು ಬದಲಿಸಬೇಕು.

ಕಾರವಾರದ ಬಲೆ: ಮರಿ ಬೂತಾಯಿಗಾಗಿ ಕಣ್ಣೀರು ಹಾಕುವವರು ಅದನ್ನು ಹಿಡಿದವರು ಯಾರು ಎಂದೂ ಹೇಳಲಿ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಿಮ್ಮ ನಾಲ್ಕಾಣೆ ಪಾಲಿನ ದೋಣಿಯಲ್ಲಿ ಜನರೇಟರ್ ಇರಲಿಲ್ಲವೇ?

ಮಲ್ಪೆಯವ: ಇತ್ತು. ಅಡುಗೆಮನೆಯ ದೀಪಕ್ಕೆ.

ಕಾರವಾರದ ಬಲೆ: ಎಷ್ಟು ದೊಡ್ಡ ಅಡುಗೆಮನೆ ಸ್ವಾಮಿ!

ಘಟಪ್ರಭೆ: ನಾನು ಮುಧೋಳದವನು. ನಮ್ಮ ಅಜ್ಜನ ಕಾಲದಿಂದ ಮನೆಯಲ್ಲಿ ಬೇಟೆನಾಯಿ ಇವೆ. ಗೋವಿನಜೋಳದ ನುಚ್ಚು, ಹಾಲು, ಉಳಿದ ರೊಟ್ಟಿ ತಿಂದು ಗಾಳಿಯ ಹಾಗೆ ಓಡುತ್ತವೆ. ಚೀಲ, ಡಬ್ಬಿ, ಪೂರಕಪುಡಿ ಯಾವುದನ್ನೂ ಕಂಡಿಲ್ಲ. ಎಂದಾದರೂ ಮೊಲ ಸಿಕ್ಕರೆ ಅದರ ಪಾಲು ಅದಕ್ಕೆ. ಒಂದೇ ಒಂದು ಸಲ ಬೆಳಗಾವಿಯಲ್ಲಿರುವ ಅಳಿಯ ‘ಮಾವ, ಇದು ವೈಜ್ಞಾನಿಕ’ ಎಂದು ಮೂರು ಕೆ.ಜಿ. ಚೀಲ ತಂದ, 1,150 ರೂಪಾಯಿಗೆ. ನಾಯಿ ಮೂಸಿತು, ತಿರುಗಿ ಮಲಗಿತು. ಚೀಲ ಕೋಳಿಗಳ ಪಾಲಾಯಿತು.

ಹಸಿರು ಬಟ್ಟಲು: ಮೊಲ ‘ಸಿಗುವುದು’ ಎಂದರೇನು ಸರ್? 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಬೇಟೆ. ನುಚ್ಚಿನ ಮಾತನ್ನು ಮಾತ್ರ ಒಪ್ಪುತ್ತೇನೆ. ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚು ಎಂದು 2013ರಲ್ಲೇ ಸಾಬೀತಾಗಿದೆ. ನನ್ನ ಬೀದಿನಾಯಿ ಎರಡು ವರ್ಷದಿಂದ ಪೂರ್ಣ ಸಸ್ಯಾಹಾರಿ: ಸೋಯಾ, ಸಿಹಿಕುಂಬಳ, ಗೆಣಸು, ಕೆಂಪಕ್ಕಿ, ಜೊತೆಗೆ ಟಾರಿನ್, ಕಾರ್ನಿಟಿನ್, ಬಿ12 ಪೂರಕಗಳು. ಮೊದಲ ಹನ್ನೊಂದು ವಾರ ಭೇದಿ. ದಿನಕ್ಕೆ ನಾಲ್ಕು ಸಲ ನೆಲ ಒರೆಸಿದ್ದೇನೆ, ಎರಡು ಕಾರ್ಪೆಟ್ ಎಸೆದಿದ್ದೇನೆ, ಬಾಡಿಗೆ ಮನೆಯ ಮುಂಗಡದಲ್ಲಿ 9,000 ಹಿಡಿದುಕೊಂಡರು. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಆದರೂ ವಿಷಾದವಿಲ್ಲ. ಅಮೆರಿಕದಲ್ಲಿ ಪಶುಸಾಕಣೆಯ ಪರಿಸರ ಹೊರೆಯ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ನಾಯಿ-ಬೆಕ್ಕುಗಳ ಬಟ್ಟಲಿನಿಂದ ಬರುತ್ತದೆ ಎಂದು ಅಲ್ಲಿನ ವಿಜ್ಞಾನಿ ಗ್ರೆಗರಿ ಓಕಿನ್ 2017ರಲ್ಲಿ ಲೆಕ್ಕ ಹಾಕಿದ್ದಾರೆ. ಹಸಿ ಮಾಂಸ ತಿನ್ನಿಸುವವರು ಇದನ್ನು ಓದಲಿ.

ಎಚ್‌ಎಸ್‌ಆರ್ ಹಸಿಮಾಂಸ: ಓದಿದ್ದೇನೆ. ಅದು ಅಮೆರಿಕದ ಲೆಕ್ಕ. ತಾಯಿ, ಭೇದಿಯಾಗುತ್ತಿದ್ದ ನಾಯಿಯನ್ನು ಹನ್ನೊಂದು ವಾರ ಹಾಗೆಯೇ ಬಿಟ್ಟವರು ಪ್ರಾಣಿದಯೆ ಹೇಳಿಕೊಡುವುದು ವಿಚಿತ್ರ. ಬಟಾಣಿ, ಬೇಳೆ ಹೆಚ್ಚಿರುವ ಆಹಾರ ಮತ್ತು ನಾಯಿಗಳ ಹೃದ್ರೋಗದ ನಡುವಿನ ನಂಟನ್ನು ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಿಂದ ಪರಿಶೀಲಿಸಿತು. ಕಾರಣ ಇದೇ ಎಂದು ಸಾಬೀತಾಗಿಲ್ಲ, ನಿಜ. ನನ್ನ ನಾಯಿಯ ಮೇಲೆ ಪ್ರಯೋಗ ಮಾಡಲು ನಾನು ಸಿದ್ಧನಿಲ್ಲ.

ನನ್ನ ಕಥೆ ಇದು. ಮೊದಲು ದನದ ಮಾಂಸ ಕೊಡುತ್ತಿದ್ದೆ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ಉಳಿದದ್ದು 13 ವರ್ಷ ದಾಟಿದ ಎಮ್ಮೆ-ಕೋಣ ಮಾತ್ರ. ನನ್ನ ಅಂಗಡಿಯವನು ಬಾಗಿಲು ಹಾಕಿದ, ನಾನು ಕೋಳಿಗೆ ಇಳಿದೆ. ಆಮೇಲೆ ಒಂದು ರಾತ್ರಿ ಲೆಕ್ಕ ಹಾಕಿದೆ: ದಿನಕ್ಕೆ 400 ಗ್ರಾಂ, ವರ್ಷಕ್ಕೆ 146 ಕೆ.ಜಿ., ಒಂದು ಬ್ರಾಯ್ಲರಿನಲ್ಲಿ 1.4 ಕೆ.ಜಿ. ಮಾಂಸ. ಅಂದರೆ 104 ಕೋಳಿ, ಒಂದೊಂದೂ ಆರು ವಾರ ಬದುಕಿದ್ದು. ಎಮ್ಮೆಯಾದರೆ ಒಂದೂ ಪೂರ್ತಿ ಬೇಡ. ಪರಿಸರ ನೋಡಿದರೆ ಕೋಳಿ ಮೇಲು, ತಲೆ ಎಣಿಸಿದರೆ ಎಮ್ಮೆ ಮೇಲು. ಇದಕ್ಕೆ ಇಲ್ಲಿ ಯಾರ ಬಳಿಯಾದರೂ ಉತ್ತರವಿದೆಯೇ? ಮಾಂಸ ಇಡಲು 14,200 ಕೊಟ್ಟು ಫ್ರೀಜರ್ ಕೊಂಡೆ. ಊರಿಗೆ ಹೋದಾಗ ಒಂದೂವರೆ ದಿನ ಕರೆಂಟ್ ಇರಲಿಲ್ಲ, 18 ಕೆ.ಜಿ. ಕೊಳೆಯಿತು. ಹದಿಮೂರು ಕೋಳಿ ಯಾರ ಹೊಟ್ಟೆಗೂ ಹೋಗದೆ ಸತ್ತವು. ಅದು ಇನ್ನೂ ಚುಚ್ಚುತ್ತದೆ.

ಹಸಿರು ಬಟ್ಟಲು: ಹಾಗೆಯೇ ಬಿಟ್ಟೆ ಎಂದು ಯಾರು ಹೇಳಿದರು? ಎಂಟು ಸಲ ವೈದ್ಯರ ಬಳಿಗೆ ಹೋಗಿದ್ದೇನೆ, ರಸೀದಿಗಳಿವೆ. ಹಸಿ ಕೋಳಿಯ ಬಗ್ಗೆ ನೀವೇ ಯೋಚಿಸಿ. ನಾಗಪುರದ ಗೋರೆವಾಡಾ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ 2024ರ ಕೊನೆಯಲ್ಲಿ ಹಕ್ಕಿಜ್ವರದಿಂದ ಸತ್ತವು.

ದಾವಣಗೆರೆ ಡಬ್ಬಿ: ನಿಮ್ಮಿಬ್ಬರ ಜಗಳದಲ್ಲಿ ಒಂದು ಸರಳ ವಿಷಯ ಬಿಟ್ಟುಹೋಗಿದೆ. ಮನುಷ್ಯರಿಗಾಗಿ ಕೊಯ್ದ ಕೋಳಿಯ ಕಾಲು, ಕುತ್ತಿಗೆ, ಕಂದನಕಾಯಿ ಕೊಟ್ಟರೆ ನಾಯಿಯ ಹೆಸರಿನಲ್ಲಿ ಒಂದು ಕೋಳಿಯೂ ಸಾಯುವುದಿಲ್ಲ. ಅಂಗಡಿಯ ಹಿಂದೆ ಚರಂಡಿಗೆ ಬೀಳುವ ಮಾಲು ಅದು. ಒಂಬತ್ತು ವರ್ಷದಿಂದ ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ಹೋಗುತ್ತೇನೆ. ಮೊದಲು ಪುಕ್ಕಟೆ, ಆಮೇಲೆ ಕೆ.ಜಿ.ಗೆ 20. ಈಗ ಎಲ್ಲರೂ ‘ನಾಯಿಗೆ ಕೊಡಿ’ ಎಂದು ಸಾಲುಗಟ್ಟಿ 80 ಆಗಿದೆ. 80 ರೂಪಾಯಿಯ ಮಾಲನ್ನು ಕಸ ಎಂದು ಎಷ್ಟು ದಿನ ಕರೆಯಬಹುದೋ ನೋಡೋಣ.

ಎಚ್‌ಎಸ್‌ಆರ್ ಹಸಿಮಾಂಸ: ಬಿಬಿಎಂಪಿಯವರು 2025ರಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಕೊಡಲು ಹೊರಟಿದ್ದು ಒಂದು ಊಟಕ್ಕೆ 22 ರೂಪಾಯಿ ಚಿಲ್ಲರೆಯಲ್ಲಿ. ನಿಮ್ಮ ಡಬ್ಬಿಗಿಂತ ಅಗ್ಗ!

ದಾವಣಗೆರೆ ಡಬ್ಬಿ: ತೆರಿಗೆ ಕಟ್ಟುವವನು ನಾನು, ಅಗ್ಗ ಎನ್ನುವವರು ನೀವು. ಅದಿರಲಿ, ಕುತ್ತಿಗೆಯನ್ನು ಬೇಯಿಸಿದರೆ ಮೂಳೆ ತೆಗೆದೇ ಕೊಡಿ. ಬೆಂದ ಮೂಳೆ ಸೀಳಿ ಚುಚ್ಚುತ್ತದೆ.

ಘಟಪ್ರಭೆ: ಹಸಿರು ಬಟ್ಟಲು ತಂಗಿ, ಮೊಲ ಸಿಕ್ಕಿದ್ದು ಅಜ್ಜನ ಕಾಲದಲ್ಲಿ. ಕೇಸು ಹಾಕುವುದಾದರೆ ಅಜ್ಜನ ಮೇಲೆ ಹಾಕು.

ತುಂಗಾತೀರ: ಬೆಕ್ಕಿಗೆ ಸಸ್ಯಾಹಾರ ಬೇಡ ಎಂದು ತಿಳಿಯಿತು, ಉಪಕಾರ. ಮಗಳಿಗೆ 104 ಎಂದು ಹೇಳಿದೆ. ಅಂದಿನಿಂದ ಮಾತು ಬಿಟ್ಟಿದ್ದಾಳೆ. ನಾಯಿಗೆ ಏನು ಕೊಡಲಿ ಎಂದು ಮಾತ್ರ ಗೊತ್ತಾಗಲಿಲ್ಲ.

ಹಳೇ ಲ್ಯಾಬ್ರಡಾರ್: ಅಕ್ಕಾ, ಇಷ್ಟು ಜನರಲ್ಲಿ ಒಬ್ಬರೂ ನಿಮ್ಮ ಮೊದಲ ಸಾಲು ಓದಿಲ್ಲ. ಹೆಣ್ಣು ಲ್ಯಾಬ್ರಡಾರ್ 38 ಕೆ.ಜಿ. ಇರಬಾರದು, 30ರ ಆಸುಪಾಸು ಸಾಕು. ನನ್ನವಳು 41 ಇದ್ದಳು. ಮಂಡಿಯ ಶಸ್ತ್ರಚಿಕಿತ್ಸೆಗೆ 62,000, ಆಮೇಲೆ ನಾಲ್ಕು ತಿಂಗಳು ಟವೆಲ್ ಸೊಂಟಕ್ಕೆ ಹಾಕಿ ಎತ್ತಿ ನಡೆಸಿದೆ, ನನ್ನ ಸೊಂಟವೂ ಹೋಯಿತು. ಈ ತಳಿಯಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ತಣಿಯದಂತೆ ಮಾಡುವ ಜೀನ್ ದೋಷ ಇದೆ ಎಂದು ಕೇಂಬ್ರಿಜ್‌ನವರು 2016ರಲ್ಲಿ ಹೇಳಿದ್ದಾರೆ. ಆ ಕಣ್ಣುಗಳನ್ನು ನಂಬಬೇಡಿ. ಚೀಲ ಅದೇ ಇರಲಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವೈದ್ಯರನ್ನು ಕೇಳಿ ನಿಧಾನವಾಗಿ ಕಾಲು ಭಾಗ ಇಳಿಸಿ. ಆ 104ರ ಲೆಕ್ಕವನ್ನೇ ಹಿಡಿದರೆ ಅದರಲ್ಲಿ 26 ಅಲ್ಲಿಯೇ ಉಳಿಯುತ್ತವೆ. ಮಗಳಿಗೆ ಅದನ್ನು ಹೇಳಿ ನೋಡಿ.

ಕಾರವಾರದ ಬಲೆ: ಅಡುಗೆಮನೆ ಎಂದಾಗ ನೆನಪಾಯಿತು. ಮಲ್ಪೆಯವರು ಜನರೇಟರಿನ ಲೆಕ್ಕ ಇನ್ನೂ ಕೊಟ್ಟಿಲ್ಲ.